ಚಿಂಚೋಳಿಯ ಮುದ್ರೆ

ಆಗದ ಮಾತು ಎಂದು ನನಗೆ ಹೇಳಿದವರು ನಮ್ಮ ಸೋದರಮಾವ ಸಿದ್ದರಾಜು. ನಾನು ಬಿಎಸ್ಸಿಗೆ ಅರ್ಜಿ ತುಂಬುತ್ತಿದ್ದ ದಿನ ಕೊಳ್ಳೇಗಾಲದ ನಮ್ಮ ಮನೆಯ ಜಗಲಿಯಲ್ಲಿ ಎಲೆಯಡಿಕೆ ಮೆಲ್ಲುತ್ತ, "ಸೈಕಲ್ಲಲ್ಲಿ ಪಾತ್ರೆ ಮಾರೋನ ಮಗಳು ಡಿಗ್ರಿ ಮಾಡಿದ್ದ ಯಾರಾದ್ರೂ ಕಂಡಿದ್ದರಾ? ಸುಮ್ನಿರವ್ವ" ಎಂದರು. ಇಲ್ಲಿಯ ನನ್ನ ಸೈಕಲ್ ಗೆಳೆಯ ಭೀಮಶಾನಿಗೆ ಹೇಳಿದವಳು ಅವನ ತಾಯಿ ಚಂದವ್ವ. ಅವನು ಹತ್ತನೇ ತರಗತಿಯ ಗಣಿತದಲ್ಲಿ ಮೂರನೇ ಸಲ ಫೇಲಾದಾಗ, "ಈ ಮಗ ತನ್ನ ಹೆಸರಿಂದು ಒಂದು ಕಾಗದ ಮನೀಗಿ ತರಂಗಿಲ್ಲ ಬಿಡು" ಅಂದಿದ್ದಳಂತೆ. ಮಾವನ ಮಾತನ್ನು ನಾನು ಸುಳ್ಳು ಮಾಡಿದೆ. ಚಂದವ್ವನ ಮಾತು ಸುಳ್ಳಾಗುವ ಹೊತ್ತಿಗೆ ಅಡ್ಡ ಬಂದವಳೂ ನಾನೇ. ಊರಿನವರಿಗೆ ಈ ಕಲಬುರಗಿ ಸೀಮೆಯ ಬಗ್ಗೆ ಬರೆಯುತ್ತೇನೆ ಎಂದು ಆರು ವರ್ಷದಿಂದ ಹೇಳುತ್ತ ಬಂದಿದ್ದೆ. ಬರೆದರೆ ಇದನ್ನು ಬಿಟ್ಟು ಬರೆಯಲಾಗದು.

ವಾಡಿಗೆ ಬಂದ ಮೊದಲ ಮಧ್ಯಾಹ್ನ ಬಾಡಿಗೆ ಮನೆಯ ನೆಲ ಅಲುಗಿತು. ಸಿಮೆಂಟ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿ, ಎರಡು ರೈಲು ಬದಲಿಸಿ, ಟ್ರಂಕು ಇಳಿಸಿ ಇನ್ನೂ ಒಂದು ತಾಸಾಗಿರಲಿಲ್ಲ. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಗಲಗಲ ಎಂದವು. ಭೂಕಂಪ ಎಂದು ಚಪ್ಪಲಿ ಬಿಟ್ಟು ಹೊರಗೋಡಿದೆ. ಪಡಸಾಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮನೆಯೊಡತಿ ತಲೆ ಎತ್ತಲೂ ಇಲ್ಲ. "ಖಣಿ ಹೊಡೆಯಾಕತ್ತಾರ್ರಿ. ದಿನಾ ಇರೋದ. ಕುಂದ್ರಿ, ಬಿಸಿ ರೊಟ್ಟಿ ತಿನ್ರಿ" ಎಂದಳು. ಸುಣ್ಣದ ಕಲ್ಲಿಗಾಗಿ ನೆಲವನ್ನು ಸಿಡಿಸುವ ಸದ್ದು ಅದು. ನಮ್ಮ ಕಡೆ ನೆಲ ಅಂದರೆ ನಿಂತಿರುವುದು. ಇಲ್ಲಿ ಅದು ದಿನಕ್ಕೊಮ್ಮೆ ನಡುಗುತ್ತದೆ, ಜನ ತಟ್ಟೆ ಹಿಡಿದುಕೊಂಡು ಉಣ್ಣುತ್ತಾರೆ.

ಆ ಮನೆ ಪೂರ್ತಿ ಕಲ್ಲು. ಇಲ್ಲಿಯವರು ಫರಸಿ ಅನ್ನುವ ಚಪ್ಪಡಿ ಕಲ್ಲೇ ನೆಲಕ್ಕೆ, ಮಾಡಿಗೆ, ಬೇಲಿಗೆ, ಬಚ್ಚಲಿನ ಮರೆಗೆ. ಬೇಸಿಗೆಯಲ್ಲಿ ಸಂಜೆ ಗೋಡೆಗೆ ಒರಗಿದರೆ ಬೆನ್ನು ಸುಡುತ್ತದೆ. ಒಣಗಲು ಹಾಕಿದ ಬಟ್ಟೆಯ ಮೇಲೆ ಬೂದಿ ಬಣ್ಣದ ಧೂಳು ಕೂತು, ಚಳಿಗಾಲದ ಇಬ್ಬನಿಗೆ ಗಟ್ಟಿಯಾಗಿ, ಮಡಿಸಿದರೆ ಸೀಳುತ್ತದೆ. ಮನೆ ಹುಡುಕುವಾಗ ನಮ್ಮಲ್ಲಿ ಜಾತಿಯನ್ನು ಸುತ್ತಿ ಬಳಸಿ ಕೇಳುತ್ತಾರೆ, ಯಾವ ದೇವರು, ಯಾರ ಒಕ್ಕಲು ಎಂದೆಲ್ಲ. ಇಲ್ಲಿ ಟ್ರಂಕು ಇಳಿಸುವ ಮೊದಲೇ, "ನೀವು ಯಾರ ಪೈಕಿ?" ಹೇಳಿದೆ. ಎರಡು ಮನೆ ತಪ್ಪಿದವು, ಮೂರನೆಯದು ಸಿಕ್ಕಿತು. ನಮ್ಮೂರಿನಲ್ಲೂ ಲೆಕ್ಕ ಅಷ್ಟೇ ಇರುತ್ತಿತ್ತು, ತಿಳಿಯಲು ಇನ್ನೊಂದು ವಾರ ಹಿಡಿಯುತ್ತಿತ್ತು.

ಮುದ್ದೆ ಬಿಟ್ಟು ಜೋಳದ ರೊಟ್ಟಿಗೆ ಹೊಟ್ಟೆ ಒಗ್ಗಲು ಒಂದು ಮಳೆಗಾಲ ಬೇಕಾಯಿತು. ಪುಂಡಿಪಲ್ಯದ ಹುಳಿ ಬೇಗ ಹಿಡಿಸಿತು. ಮಾತು ಮಾತ್ರ ತಡ. ತುಂಬಾ ಎನ್ನಲು ಭಾಳ, ನಿಜ ಎನ್ನಲು ಖರೇ, ಸ್ವಲ್ಪ ಎನ್ನಲು ಜರಾ. ನಾನು "ಹೋಗ್ತಾ ಇದೀನಿ" ಎಂದರೆ ಪ್ರಯೋಗಾಲಯದ ಹುಡುಗಿಯರು ಬಾಯಿಗೆ ಸೆರಗು ಮುಚ್ಚಿ ನಗುತ್ತಿದ್ದರು. ಕನ್ನಡ ಬಲ್ಲವಳಾಗಿ ಕನ್ನಡದ ಊರಿನಲ್ಲೇ ಮೂಗಿಯಾಗಿ ಕೂರುವುದು ಎಂಥದೆಂದು ಹೇಳಿದರೆ ಅರ್ಥವಾಗಲಿಕ್ಕಿಲ್ಲ. ಮೊದಲ ಆರು ತಿಂಗಳು ಭಾನುವಾರಗಳಂದು ನಾನು ಯಾರೊಡನೆಯೂ ಒಂದು ಮಾತೂ ಆಡಿದ್ದಿಲ್ಲ. ಗೋಡೆಗೆ ಮೊಳೆ ಹೊಡೆದು ನನ್ನ ಡಿಗ್ರಿಯನ್ನು ಗಾಜು ಹಾಕಿಸಿ ನೇತುಹಾಕಿದ್ದೆ. ಅದನ್ನೇ ನೋಡುತ್ತ ಮಲಗುತ್ತಿದ್ದೆ.

ಆ ಭಾನುವಾರಗಳಿಂದ ನನ್ನನ್ನು ಪಾರು ಮಾಡಿದ್ದು ಸೈಕಲ್. ಕಾರ್ಖಾನೆಗೆ ಹೋಗಿ ಬರಲು ತೆಳು ಚಕ್ರದ, ಬಾಗಿದ ಹಿಡಿಕೆಯ ಹಳೆಯ ಸೈಕಲ್ಲೊಂದನ್ನು ಕೊಂಡಿದ್ದೆ. ಒಂದು ಬೆಳಗ್ಗೆ ಚಿತ್ತಾಪುರ ರಸ್ತೆಯಲ್ಲಿ ಸರಪಳಿ ಕಳಚಿ, ಕೈಯೆಲ್ಲ ಮಸಿ ಮಾಡಿಕೊಂಡು ನಿಂತಿದ್ದಾಗ ಮೂವರು ಸವಾರರು ಪಕ್ಕದಲ್ಲಿ ಇಳಿದರು.

"ಸರಪಳಿ ಉಲ್ಟಾ ಹಾಕೀರ್ರಿ ಅಕ್ಕೋರ. ಹಿಂಗs ತುಳದ್ರ ಹಿಂದಕ್ಕ ಕೊಳ್ಳೇಗಾಲಕ್ಕ ಹೋಗ್ತೀರಿ" ಎಂದ ಒಬ್ಬ.

ಕಾರ್ಖಾನೆಗೆ ಕೊಳ್ಳೇಗಾಲದ ಹೆಣ್ಣುಮಗಳೊಬ್ಬಳು ಬಂದಿದ್ದಾಳೆ ಎಂಬುದು ವಾಡಿಗೆಲ್ಲ ಗೊತ್ತಿತ್ತು. ಹಾಗೆಂದವನು ಭೀಮಶಾ. ಇಲ್ಲಿ ಶಾಲೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತಾರೆ. ನಾನು ಕಲಿಸುವವಳಲ್ಲ ಎಂದು ಎಷ್ಟು ಸಲ ಹೇಳಿದರೂ ಅವನು ಬಿಡಲಿಲ್ಲ, "ಡಿಗ್ರಿ ಅದ ಇಲ್ಲ? ಮುಗೀತು" ಎನ್ನುತ್ತಿದ್ದ. ಸನ್ನತಿಯ ಆಚೆ ಭೀಮಾ ನದಿಯ ದಂಡೆಯ ಹಳ್ಳಿಯವನು. ಅವನ ಅಜ್ಜ ಹೊಳೆ ದಾಟಿಸುವ ದೋಣಿ ನಡೆಸುತ್ತಿದ್ದ. ಸೇತುವೆ ಬಂತು, ದೋಣಿ ಹೋಯಿತು. ಮೊಮ್ಮಗ ಶಹಾಬಾದಿನಲ್ಲಿ ಫರಸಿ ಕೊಯ್ಯುವ ಯಂತ್ರದ ಮುಂದೆ ನಿಂತ. ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಸದಾ ಬಿಳಿ. ಮೂವತ್ತನಾಲ್ಕು ವರ್ಷದವನು ಮುದುಕನಂತೆ ಕಾಣುತ್ತಿದ್ದ, ತೊಳೆದುಕೊಂಡರೆ ಹುಡುಗ.

ಇನ್ನಿಬ್ಬರಲ್ಲಿ ಆಚಾರ್ ಮಾಸ್ತರರು ಮಳಖೇಡದವರು, ನಿವೃತ್ತ ಗಣಿತದ ಮೇಷ್ಟ್ರು. ಸ್ನಾನ, ಸಂಧ್ಯಾವಂದನೆ ಮುಗಿಸದೆ ಸೈಕಲ್ ಮುಟ್ಟುವುದಿಲ್ಲ, ಹೊರಗಿನ ನೀರು ಕುಡಿಯುವುದಿಲ್ಲ. ಖಾಜಾ ಶಹಾಬಾದಿನಲ್ಲಿ ಫ್ರಿಜ್ಜು, ಏಸಿ ರಿಪೇರಿ ಮಾಡುವವನು. ನಾಲ್ವರಲ್ಲಿ ಅವನ ಸೈಕಲ್ಲೇ ಹೊಸದು, ಅವನ ಸವಾರಿ ಎಲ್ಲರಿಗಿಂತ ಹಿಂದೆ.

ಭಾನುವಾರ ಬೆಳಗ್ಗೆ ವಾಡಿಯ ರೈಲ್ವೆ ಗೇಟಿನ ಚಹಾದಂಗಡಿಯಲ್ಲಿ ಸೇರುತ್ತಿದ್ದೆವು. ಚಿತ್ತಾಪುರ ಮುಟ್ಟಿ ಬರುವುದು ರೂಢಿ, ಗಾಳಿ ಚೆನ್ನಾಗಿದ್ದರೆ ಆದಿತ್ಯನಗರದವರೆಗೆ. ತುಳಿದದ್ದಕ್ಕಿಂತ ಮಾತಾಡಿದ್ದೇ ಹೆಚ್ಚು.

"ನೋಡ್ರಿ ಮಾಸ್ತರ, ಹೊಸ ಗಾಲಿ. ಎರಡು ಗಾಲಿ ಕೂಡಿ ಪಾವ್ ಕಿಲೋ ಹಗರ ಆಗ್ಯಾವ" ಎಂದು ಖಾಜಾ ಸೈಕಲ್ಲನ್ನು ಒಂದು ಬೆರಳಿನಲ್ಲಿ ಎತ್ತುತ್ತಿದ್ದ.

"ನಿನ್ನೆ ನಿಮ್ಮ ತಂಗಿ ನಿಕಾದಾಗ ಆ ಪಾವ್ ಕಿಲೋ ವಾಪಸ್ ತುಂಬೀದಿ" ಎಂದು ಭೀಮಶಾ ಅವನ ಹೊಟ್ಟೆ ತಟ್ಟುತ್ತಿದ್ದ.

"ಅದು ಬಿರಿಯಾನಿ ಅಲ್ಲೋ, ಪೆಟ್ರೋಲು."

"ಟಾಕಿ ಭಾಳ ದೊಡ್ಡದಾತು ಮತ್ತ."

ಮಾಸ್ತರರು ತಮ್ಮ ತಾಮ್ರದ ತಂಬಿಗೆಯಿಂದ ಗುಟುಕು ಹಾಕಿ, "ಖಾಜಾ, ಎದುರುಗಾಳಿಗೆ ತೂಕದ ಪರಿವಿಲ್ಲೋ. ಅದು ಎದಿ ಎಷ್ಟು ಅಗಲ ಅದ ನೋಡ್ತದ. ಒಂಬತ್ತನೇ ಕ್ಲಾಸಿನಾಗ ಹೇಳಿದ್ದೆ, ನೀ ಕಿಟಕಿ ಹೊರಗ ನೋಡ್ಲಿಕತ್ತಿದ್ದಿ" ಎನ್ನುತ್ತಿದ್ದರು.

ಮಧ್ಯೆ ಭೀಮಶಾ ಕೆಮ್ಮುತ್ತಿದ್ದ. ಮುಗಿದ ಮೇಲೆ, "ಹೊಟ್ಯಾಗ ಅರ್ಧ ಮನಿಗಿ ಸಾಲೋವಷ್ಟು ಫರಸಿ ಅದರಿ" ಎಂದು ಅವನೇ ನಗುತ್ತಿದ್ದ. ಈ ಸೀಮೆಯಲ್ಲಿ ನನಗೆ ಸಿಕ್ಕ ಮೊದಲ ಮನೆ ಆ ಗೇಟಿನ ಬೆಂಚು. ಫೋನಿನಲ್ಲಿ ಅಪ್ಪನಿಗೆ ಹೇಳಿದಾಗ ಅವರು, "ಅಷ್ಟ್ ದೂರ ತುಳುದ್ಯಲ್ಲವ್ವ, ಏನ ಮಾರ್ಕೊಂಡು ಬಂದೆ?" ಎಂದು ಕೇಳಿದರು. ಹಿಂದೆ ಪಾತ್ರೆಯ ಬುಟ್ಟಿ ಕಟ್ಟಿ ಊರೂರು ತುಳಿದವರು. ಬರಿದೇ ತುಳಿಯುವುದು ಅವರಿಗೆ ತಿಳಿಯಲಿಲ್ಲ. ನನಗೂ ಮೊದಲು ನಾಚಿಕೆಯೇ ಆಗಿತ್ತು.

ಇನ್ನೂರು ಕಿಲೋಮೀಟರಿನ ಸವಾರಿಯ ವಿಷಯ ತೆಗೆದವನು ಖಾಜಾ. ಕಲಬುರಗಿ ಕಡೆಯ ಒಂದು ಸೈಕಲ್ ಗುಂಪು ಚಳಿಗಾಲಕ್ಕೊಮ್ಮೆ ಅದನ್ನು ನಡೆಸುತ್ತದೆ. ವಾಡಿಯಿಂದ ಚಿತ್ತಾಪುರ, ಸೇಡಂ ಹಾದು ಚಿಂಚೋಳಿ ಮುಟ್ಟಿ, ಅದೇ ದಾರಿಯಲ್ಲಿ ಹಿಂದಕ್ಕೆ. ಹದಿಮೂರೂವರೆ ತಾಸಿನೊಳಗೆ ಮುಗಿಸಬೇಕು. ಪ್ರತಿ ಸವಾರನಿಗೂ ಒಂದು ದಪ್ಪ ಕಾಗದದ ಕಾರ್ಡು. ದಾರಿಯ ಗೊತ್ತಾದ ಜಾಗಗಳಲ್ಲಿ ಕೂತ ಸ್ವಯಂಸೇವಕರು ಅದಕ್ಕೆ ಮುದ್ರೆ ಒತ್ತುತ್ತಾರೆ. ಭೀಮಶಾ ಆ ಜಾಗಗಳಿಗೆ ನಾಕಾ ಎನ್ನುತ್ತಿದ್ದ. ಒಂದು ಮುದ್ರೆ ತಪ್ಪಿದರೂ ತುಳಿದದ್ದು ತುಳಿದಂತಲ್ಲ. ತನ್ನ ಕಾರ್ಡನ್ನು ತಾನೇ ಹಿಡಿದು ತೋರಿಸಬೇಕೆಂಬುದೂ ನಿಯಮ. ಎಲ್ಲ ಸರಿಯಿದ್ದರೆ ಹೆಸರು ಬರೆದ ಪ್ರಮಾಣಪತ್ರ.

"ಸರ್ಟಿಫಿಕೇಟಾ?" ಎಂದು ಭೀಮಶಾ ಚಹಾದ ಬಸಿ ಕೆಳಗಿಟ್ಟ. "ಹೆಸರು ಬರದು ಕೊಡ್ತಾರ? ನನ್ನಂಥವ್ಗೂ?"

ಅವತ್ತು ತಾಯಿ ಹೇಳಿದ ಮಾತನ್ನು ನಮಗೆ ಹೇಳಿದ, ನಗುತ್ತಲೇ. ನನ್ನ ಗೋಡೆಯ ಮೇಲಿನ ಡಿಗ್ರಿ ನೆನಪಾಗಿ ನಾನು ನಗಲಿಲ್ಲ.

ಮೊದಲ ವರ್ಷ ಅವನು ಇಪ್ಪತ್ತು ನಿಮಿಷ ತಡವಾಗಿ ಮುಟ್ಟಿದ. ಮರುವರ್ಷ ಹೊತ್ತಿಗೆ ಮುಂಚೆ ಮುಟ್ಟಿದ, ಆದರೆ ಅಂಗಿಯ ಜೇಬಿನಲ್ಲಿದ್ದ ಕಾರ್ಡು ಬೆವರಿಗೆ ನೆಂದು ಮುದ್ದೆಯಾಗಿತ್ತು. ನಮ್ಮ ಹಾಗೆ ಬೆನ್ನಿನಲ್ಲಿ ಜೇಬಿರುವ ಸೈಕಲ್ ಅಂಗಿ ಅವನಿಗಿರಲಿಲ್ಲ. ಮೂರನೇ ವರ್ಷ, ಬೆಳಗಿನ ಚಳಿಯಲ್ಲಿ ಹೊರಡುವ ಮೊದಲು, ಕಾರ್ಡನ್ನು ನನ್ನ ಕೈಗೆ ಕೊಟ್ಟ.

"ಅಕ್ಕೋರ, ನಿಮ್ಮ ಪ್ಲಾಸ್ಟಿಕ್ ಚೀಲದಾಗ ಇಟ್ಕೋರಿ. ಓದಿದವರ ಕೈಯಾಗ ಕಾಗದ ಉಳೀತದ."

ನಿಯಮ ನನಗೆ ಗೊತ್ತಿತ್ತು. ಇಟ್ಟುಕೊಂಡೆ.

ಚಿತ್ತಾಪುರದ ಮುದ್ರೆ ಬಿತ್ತು, ಸೇಡಮ್ಮಿನದೂ ಬಿತ್ತು. ಎರಡೂ ಕಡೆ ಎರಡೂ ಕಾರ್ಡನ್ನು ನಾನೇ ಮುಂದೆ ಹಿಡಿದೆ, ಯಾರೂ ಏನೂ ಕೇಳಲಿಲ್ಲ. ಮಾಸ್ತರರು, ಖಾಜಾ ಹಿಂದುಳಿದರು. ಸೇಡಂ ದಾಟಿದ ಮೇಲೆ ತೊಗರಿ ಹೊಲಗಳ ನಡುವೆ ಎದುರುಗಾಳಿ. ಭೀಮಶಾ ಮುಂದೆ, ನಾನು ಅವನ ಬೆನ್ನ ಮರೆಯಲ್ಲಿ. ಅವನು ಕೆಮ್ಮಿದಾಗೆಲ್ಲ ಸೈಕಲ್ ಒಂದು ಗೇಣು ಪಕ್ಕಕ್ಕೆ ಹೋಗುತ್ತಿತ್ತು. "ಹಿಂದಕ್ಕೆ ಬಾ, ನಾನು ಗಾಳಿ ತಗೋತೀನಿ" ಎಂದರೆ ಕೇಳಲಿಲ್ಲ. "ನಮ್ಮಜ್ಜ ಹೊಳಿ ಹಿಂಗs ಸೀಳ್ತಿದ್ದನ್ರಿ. ಕುಂತ ಮಂದಿ ಸುಮ್ಮ ಕುಂದ್ರಬೇಕು" ಎಂದ.

ಚಿಂಚೋಳಿಯ ನಾಕಾ ಒಂದು ಔಷಧಿ ಅಂಗಡಿಯ ಮುಂದಿತ್ತು. ಭೀಮಶಾ ಬಾಟಲಿಗಳನ್ನು ಹಿಡಿದು ನೀರಿಗೆ ಹೋದ. ಮೇಜಿನ ಹಿಂದೆ ಕೂತಿದ್ದವನು ನನ್ನ ಕಾರ್ಡನ್ನು ತಗೊಂಡು ಹೆಸರು ಓದಿ, "ಪುಟ್ಟಲಕ್ಷ್ಮಿ ಅಂತಲಾ? ಯಾವೂರ್ ಕಡೆಯವ್ರವ್ವ ನೀವು?" ಎಂದ.

ಆ "ಅವ್ವ" ನಮ್ಮ ಕಡೆಯದು. ಅವನು ನಂಜನಗೂಡಿನವನಂತೆ. ಔಷಧಿ ಕಂಪನಿಯ ಕೆಲಸಕ್ಕೆ ಬಂದು ಎಂಟು ತಿಂಗಳಾಗಿತ್ತಂತೆ. ಐದೇ ನಿಮಿಷ. ಮುದ್ದೆ ಎಂದ, ಬಸ್ಸಾರು ಎಂದ, ಕಪಿಲೆಯ ನೀರು ಎಂದ. ನನ್ನ ನಾಲಿಗೆ ವರ್ಷಗಳಿಂದ ಮಡಿಸಿಟ್ಟ ಬಟ್ಟೆಯಂತೆ ಬಿಚ್ಚಿಕೊಂಡಿತು. ಅವನು ಮುದ್ರೆ ಒತ್ತಿದ ಸದ್ದು ಕೇಳಿತು. ಹಸಿ ಶಾಯಿಯ ಕಾರ್ಡನ್ನು ಹಾಗೇ ಚೀಲಕ್ಕೆ ತುರುಕಿ, ನಗುತ್ತಲೇ ಸೈಕಲ್ ಹತ್ತಿದೆ. ಇನ್ನೊಂದು ಕಾರ್ಡು ಚೀಲದಲ್ಲೇ ಇತ್ತು. ನಾನು ಅದನ್ನು ತೆಗೆದೇ ಇರಲಿಲ್ಲ.

ಹನ್ನೆರಡು ತಾಸು ಐವತ್ತು ನಿಮಿಷಕ್ಕೆ ವಾಡಿ ಮುಟ್ಟಿದೆವು. ಭೀಮಶಾ ಸೈಕಲ್ಲನ್ನು ನೆಲಕ್ಕೆ ಮಲಗಿಸಿ, ಅದರ ಪಕ್ಕ ತಾನೂ ಮಲಗಿ, ಆಕಾಶ ನೋಡುತ್ತ ನಕ್ಕ. ನಡೆಸುವವರು ಕಾರ್ಡು ಕೇಳಿದರು. ಅವನದನ್ನು ಅಷ್ಟರಲ್ಲಿ ಅವನ ಕೈಗಿಟ್ಟಿದ್ದೆ; ಅವನು ಮಲಗಿದಲ್ಲೇ ಕೈಚಾಚಿ ಕೊಟ್ಟ, ನಾನೂ ಕೊಟ್ಟೆ. ಅವರು ಎರಡನ್ನೂ ನೋಡಿ, ಭೀಮಶಾನ ಕಡೆ ತೋರಿಸಿ, "ಇವರದು ಚಿಂಚೋಳಿ ಮುದ್ರಿ ಇಲ್ಲಲ್ರಿ" ಎಂದರು.

"ನನ್ನ ಜೊತೆಗೇ ಇದ್ದ ಸರ್. ಅಲ್ಲಿ..." ಎಂದು ಶುರುಮಾಡಿದೆ.

ಭೀಮಶಾ ಎದ್ದು ಕೂತಿದ್ದ. ನನ್ನ ಮುಖ ನೋಡಿದ. ಇನ್ನೊಬ್ಬರ ಕಾರ್ಡು ಹೊತ್ತದ್ದು ತಿಳಿದರೆ ನನ್ನದೂ ರದ್ದಾಗುತ್ತದೆಂದು ಅವನಿಗೆ ಗೊತ್ತಿತ್ತು. "ನಾನs ಮರ್ತೀನ್ರಿ ಸರ್" ಎಂದ. "ನೀರು ತುಂಬಾಕ ಹೋಗಿದ್ದೆ. ತಲಿ ಓಡಲಿಲ್ಲ."

ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಜಾಗ ಬಿಟ್ಟು ಬಂದವಳು, ಒಂದೊಂದು ಕಾಗದವನ್ನೂ ಹಲ್ಲುಕಚ್ಚಿ ಸಂಪಾದಿಸಿದವಳು, ಇದೂ ನನ್ನದಾಗಲಿ ಎಂದುಕೊಂಡೆ. ಅದಕ್ಕಿಂತ ಚಂದದ ಕಾರಣ ನನ್ನ ಬಳಿ ಇಲ್ಲ. ನನ್ನ ಕಾರ್ಡು, ಪ್ರಮಾಣಪತ್ರ ಎರಡೂ ನನ್ನ ಕೈಗೆ ಬಂದವು. ಗಟ್ಟಿಯಾಗಿ ಚಪ್ಪಾಳೆ ತಟ್ಟಿದವನು ಭೀಮಶಾ. ಮುದ್ರೆಯಿಲ್ಲದ ಅವನ ಕಾರ್ಡನ್ನೂ ಅವರು ಹಿಂದಿರುಗಿಸಿದರು. ಅವನು ಅದನ್ನು ನನಗೇ ಕೊಟ್ಟ, "ಇರ್ಲಿ, ಇಟ್ಕೋರಿ" ಎಂದು.

ಮುಂದಿನ ಭಾನುವಾರ ಬೆಂಚಿನ ಮೇಲೆ ಮಾಸ್ತರರು, "ಮೂರು ಸಲ ಗಣಿತ, ಮೂರು ಸಲ ಸೈಕಲ್ಲು. ಏನೋ ಭೀಮಶಾ, ಮೂರರ ಮಗ್ಗಿ ಬಿಡಂಗಿಲ್ಲೇನು?" ಎಂದು ಕಿಚಾಯಿಸಿದರು.

"ನಾಲ್ಕನೇದು ಬಿಡಂಗಿಲ್ರಿ ಮಾಸ್ತರ" ಎಂದ ಅವನು, ನನ್ನ ಕಡೆ ವಾರೆಗಣ್ಣಿನಲ್ಲಿ ನೋಡುತ್ತ. "ಈ ಸಲ ನಾಕಾದಾಗ ಅಕ್ಕೋರ ಊರಿನ ಮಂದಿ ಯಾರೂ ಇರಬಾರ್ದು, ಅಷ್ಟs."

ನೀರು ತುಂಬಿಕೊಂಡು ಬಂದವನು ನಂಜನಗೂಡಿನವನೊಡನೆ ನನ್ನ ಮಾತು ಕೇಳಿಸಿಕೊಂಡಿದ್ದ, ಅವನಿಗೆ ಎಲ್ಲ ಗೊತ್ತಿತ್ತು. ಖಾಜಾನಿಗೂ ಮಾಸ್ತರರಿಗೂ ಅರ್ಥವಾಗಲಿಲ್ಲ. ಖಾಜಾ, "ಯಾಕೋ, ಅವರೇನು ಮಾಡ್ಯಾರ?" ಎಂದು ಕೇಳಿದ. "ಮುದ್ದಿ ತಿನಸ್ತಾರೋ. ತಿಂದ್ರ ನಿದ್ದಿ ಬರ್ತದ" ಎಂದ ಭೀಮಶಾ. ಎಲ್ಲರೂ ನಕ್ಕರು. ಚಹಾದ ಲೋಟದೊಳಗೆ ಮುಖ ಇಳಿಸಿಕೊಂಡು ನಾನೂ ನಕ್ಕೆ. ಇವತ್ತು ಹೇಳಿಬಿಡುತ್ತೇನೆ ಎಂದು ಎಷ್ಟೋ ಭಾನುವಾರ ಮನೆಯಿಂದ ಹೊರಟು, ಗೇಟಿನ ಹತ್ತಿರ ಬರುವಷ್ಟರಲ್ಲಿ ನುಂಗಿಕೊಂಡಿದ್ದೇನೆ.

ಮಳೆ ಹಿಡಿಯುವ ಮೊದಲು, ಒಂದು ಮುಂಜಾನೆ, ಪಾಳಿ ಮುಗಿಸಿ ಬರುತ್ತಿದ್ದಾಗ ಶಹಾಬಾದ್ ರಸ್ತೆಯ ಅಂಚಿನಲ್ಲಿ ಭೀಮಶಾನಿಗೆ ಯಾವುದೋ ಗಾಡಿ ಹೊಡೆದು ಹೋಯಿತು. ಯಾವ ಗಾಡಿ ಎಂದು ಇವತ್ತಿಗೂ ಗೊತ್ತಾಗಿಲ್ಲ. ಅವನು ಆಗ ತುಳಿಯುತ್ತಿದ್ದದ್ದು ಕೆಲಸದ ಹಳೆಯ ಕಬ್ಬಿಣದ ಸೈಕಲ್ಲು. ಒಳ್ಳೆಯ ಸೈಕಲ್ಲು ಧೂಳು ತಿನ್ನಬಾರದೆಂದು ಮನೆಯ ಗೋಡೆಗೆ ನೇತುಹಾಕಿರುತ್ತಿದ್ದ. ನಾವು ಮೂವರೂ ಆಸ್ಪತ್ರೆಯ ಶವಾಗಾರದ ಮುಂದೆ ನಿಂತಿದ್ದೆವು. ಹೊರಗಿನ ನೀರು ಮುಟ್ಟದ ಮಾಸ್ತರರು ಖಾಜಾ ಕೊಟ್ಟ ಬಾಟಲಿಯನ್ನು ಕಚ್ಚಿ ಗಟಗಟ ಕುಡಿದರು. ತಾವೇನು ಮಾಡಿದೆವೆಂದು ಅವರಿಗೆ ಗೊತ್ತಾಗಲಿಲ್ಲ. ಭೀಮಶಾನ ರೆಪ್ಪೆಯ ಮೇಲಿನ ಬಿಳಿ ಧೂಳನ್ನು ಯಾರೂ ಒರೆಸಿರಲಿಲ್ಲ.

ಹಬ್ಬದ ರಜೆಗೆ ಊರಿಗೆ ಹೋದಾಗ ಆ ಪ್ಲಾಸ್ಟಿಕ್ ಚೀಲ ಟ್ರಂಕಿನಲ್ಲೇ ಬಂದಿತ್ತು. ಅಪ್ಪನ ಜಗಲಿಯಲ್ಲಿ ಕೂತು ಅವನ ಕಾರ್ಡು ತೆಗೆದೆ. ಮುಂದೆ ಚಿಂಚೋಳಿಯ ಚೌಕ ಖಾಲಿ. ತಿರುವಿದೆ. ಹಿಂಬದಿಯಲ್ಲಿ ಮಸುಕಾಗಿ ಒಂದು ನೀಲಿ ಗುರುತು, ಎಡಬಲ ತಿರುಗಿದ ಅಕ್ಷರಗಳು. ಅಮ್ಮನ ಕನ್ನಡಿಗೆ ಹಿಡಿದೆ, ಚಿಂಚೋಳಿಯ ಮುದ್ರೆ. ನನ್ನ ಕಾರ್ಡಿನ ಹಸಿ ಶಾಯಿ ಚೀಲದೊಳಗೆ ಅವನ ಕಾರ್ಡಿನ ಬೆನ್ನಿಗೆ ಹತ್ತಿತ್ತು. ದಿನವೂ ಪುಡಿ, ದ್ರಾವಣ, ಕಲೆಗಳನ್ನು ನೋಡುವ ನನಗೆ ಅಷ್ಟು ತಿಳಿಯಲು ಯಾರೂ ಹೇಳಬೇಕಿರಲಿಲ್ಲ. ಶಾಯಿ ಹಸಿಯಿದ್ದಾಗ ಆ ಕಾರ್ಡು ಅಲ್ಲೇ ಇತ್ತು.

ಸಿದ್ದರಾಜು ಮಾವ ಎದುರಿಗೆ ಕೂತಿದ್ದರು. ಈಗ ಅವರು ಬಂದವರಿಗೆಲ್ಲ "ನಮ್ಮ ಹುಡುಗಿ, ಡಿಗ್ರಿ" ಎಂದು ತೋರಿಸುತ್ತಾರೆ. "ಯಾಕವ್ವ ಅಳ್ತಿದ್ದಯಾ? ಊರು ಬುಟ್ಟು ಹೋಗಕ ಬೇಜಾರಾ?" ಎಂದರು. ಊರು ಬಿಡುವುದಕ್ಕಲ್ಲ ಎಂದು ಹೇಳಲು ಹೊರಟವಳಿಗೆ ಯಾವ ಊರು ಎಂದು ಗೊತ್ತಾಗಲಿಲ್ಲ. ಹುಟ್ಟಿದ ಜಗಲಿಯಲ್ಲಿ ಕೂತಿದ್ದೆ. ಕಿವಿ ಮಧ್ಯಾಹ್ನದ ಆ ಸಿಡಿತಕ್ಕಾಗಿ ಕಾಯುತ್ತಿತ್ತು.

ವಾಡಿಗೆ ಬಂದು ನಡೆಸುವವರಿಗೆ ಪತ್ರ ಬರೆದೆ. ಮೂರು ಸಾಲು. ಅವನ ಕಾರ್ಡು ನನ್ನ ಬಳಿ ಇತ್ತು, ಮರೆತವಳು ನಾನು, ಗೊತ್ತಿದ್ದೂ ಸುಮ್ಮನಿದ್ದವಳು ನಾನು. ಎರಡೂ ಕಾರ್ಡನ್ನೂ ನನ್ನ ಪ್ರಮಾಣಪತ್ರವನ್ನೂ ಜೊತೆಗಿಟ್ಟೆ. ಮಾಸ್ತರರಿಗೂ ಖಾಜಾನಿಗೂ ಬೆಂಚಿನ ಮೇಲೆ ಕೂತು ಹೇಳಿದೆ. ಖಾಜಾ ಎದ್ದು ಹೋದ. ಎರಡು ಭಾನುವಾರ ಬರಲಿಲ್ಲ. ಮಾಸ್ತರರು, "ಉತ್ತರ ಬರೋಬ್ಬರಿ ಅದ. ಹೊತ್ತು ಮೀರಿ ಬರದೀರಿ" ಎಂದರು. ನಡೆಸುವವರು ನಂಜನಗೂಡಿನವನನ್ನು ಹುಡುಕಿ ಕೇಳಿದರಂತೆ, ಬಾಟಲಿ ತುಂಬುತ್ತಿದ್ದ ಬಿಳಿ ರೆಪ್ಪೆಯವನ ನೆನಪು ಅವನಿಗಿತ್ತಂತೆ. ಭೀಮಶಾನ ಹೆಸರಿನ ಪ್ರಮಾಣಪತ್ರ ಬಂತು. ನನ್ನದು ರದ್ದಾಯಿತು, ಆಗಬೇಕಾದದ್ದೇ. ಡಿಗ್ರಿಯ ಪಕ್ಕ ಅದಕ್ಕೆಂದು ಹೊಡೆದಿದ್ದ ಮೊಳೆ ಖಾಲಿಯಿದೆ. ಕಿತ್ತಿಲ್ಲ.

ಭೀಮಶಾನ ಪ್ರಮಾಣಪತ್ರವನ್ನು ತಲುಪಿಸಲು ಮೂವರೂ ಸೈಕಲ್ಲಿನಲ್ಲೇ ಹೊಳೆದಂಡೆಗೆ ಹೋದೆವು. ಖಾಜಾ ನನ್ನ ಕೂಡ ಮಾತಾಡಲಿಲ್ಲ, ಆದರೆ ಗಾಳಿ ಎದುರಾದಾಗ ಮುಂದೆ ಬಂದು ತುಳಿದ. ಚಂದವ್ವ ಬಾಗಿಲಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಹಿಂದಿನ ಗೋಡೆಯಲ್ಲಿ ಆ ಸೈಕಲ್ಲು, ಬಟ್ಟೆ ಹೊದಿಸಿಕೊಂಡು.

"ಬರ್ರಿ, ಕುಂದ್ರಿ" ಎಂದಳು. ನನ್ನನ್ನು ನೋಡಿ, "ನೀ ಯಾವೂರಾಕಿ ಬೇ ಯವ್ವಾ?" ಎಂದಳು.

"ವಾಡಿ" ಎಂದೆ. ಬಾಯಿಂದ ಹಾಗೇ ಬಂತು. ಎಲ್ಲೋ ದೂರದಲ್ಲಿ ಅಪ್ಪನಿಗೆ ಕೇಳಿಸಿತೇನೋ ಅನ್ನಿಸಿತು. ತಿದ್ದಲಿಲ್ಲ.

ಎಲ್ಲ ಹೇಳಿದೆ. ಮುದ್ರೆ, ಮರೆವು, ಅವನು ತನ್ನ ಮೇಲೆ ಹಾಕಿಕೊಂಡದ್ದು, ನಾನು ಬಾಯಿ ಮುಚ್ಚಿಕೊಂಡದ್ದು. ಅವಳ ಕೈ ಮೊರದಲ್ಲಿ ತೊಗರಿಯ ಮೇಲೆ ಆಡುತ್ತಲೇ ಇತ್ತು. ಕೇಳಿಸಿಕೊಂಡಳೋ ಇಲ್ಲವೋ ತಿಳಿಯದು. ಪ್ರಮಾಣಪತ್ರವನ್ನು ಎರಡು ಕೈಯಲ್ಲಿ ಮುಂದೆ ಹಿಡಿದೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ತಗೊಂಡಳು. ಎಡಗೈ ಹೆಬ್ಬೆರಳು ತಾನಾಗಿ ಮುಂದೆ ಬಂತು. ಮೂರು ತಿಂಗಳಿಂದ ಆಸ್ಪತ್ರೆಯದು, ಠಾಣೆಯದು, ಕಚೇರಿಯದು ಎಂದು ಮಗನ ಹೆಸರಿನಲ್ಲಿ ಬಂದ ಕಾಗದಕ್ಕೆಲ್ಲ ಒತ್ತಿ ಒತ್ತಿ ಆ ಬೆರಳಿನ ಗೆರೆಗಳಲ್ಲಿ ಶಾಯಿಯ ಕಲೆ ಇನ್ನೂ ನಿಂತಿತ್ತು.

"ಇದಕ್ಕ ಹೆಬ್ಬಟ್ಟು ಎಲ್ಲಿ ಒತ್ತಬೇಕ್ರಿ?" ಎಂದಳು.

"ಒತ್ತಬೇಕಿಲ್ಲವ್ವ. ಇದು ಅವನು ಸೈಕಲ್ ತುಳಿದು ಗಳಿಸಿದ್ದು. ಇಲ್ಲಿದೆ ನೋಡಿ, ಅವನ ಹೆಸರು."

ನಾನು ತೋರಿಸಿದ ಜಾಗವನ್ನು ಅವಳು ಮುಟ್ಟಲಿಲ್ಲ. ಕಲೆ ಹತ್ತೀತೆಂದು ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡಳು. ಆಮೇಲೆ ಹೇಳಿದಳು:

"ಹಂಗಾರ ಇದೊಂದs ಅಂವ ಜೀವಂತ ಇದ್ದಾಗಿನ ಕಾಗದ."